ಕಾಲು ಮುಂದಾಗಿ ಹುಟ್ಟಿದವಳ ಕೈಕೆಲಸ

ಅಜ್ಜಂಪುರದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಸೋಮಶೇಖರಪ್ಪನವರದು ಗೋಣಿಚೀಲದ ಅಂಗಡಿ. ಹಳೆಯ ಚೀಲ ಕೊಳ್ಳುವುದು, ಹರಿದದ್ದಕ್ಕೆ ದಬ್ಬಳದಲ್ಲಿ ತೇಪೆ ಹಾಕಿಸುವುದು, ಈರುಳ್ಳಿ ಸುಗ್ಗಿ ಬಂದಾಗ ಮಾರುವುದು, ಇಷ್ಟೇ ವ್ಯಾಪಾರ. ಅವರ ಒಬ್ಬಳೇ ಮಗಳು ಮಲ್ಲಿಕಾಂಬ ಹುಟ್ಟುವಾಗ ತಲೆ ಬರುವ ಬದಲು ಕಾಲು ಮುಂದೆ ಬಂತು. ಸೂಲಗಿತ್ತಿ ಬೆವೆತುಹೋದಳು. ಹೇಗೋ ತಾಯಿ ದಾಕ್ಷಾಯಣಮ್ಮನೂ ಕೂಸೂ ಇಬ್ಬರೂ ಉಳಿದರು. ಉಳಿದದ್ದೇ ತಡ, ಹೆಸರಿಡುವುದಕ್ಕೆ ಮೊದಲೇ ಊರಿನವರು ಆ ಕೂಸಿಗೆ ಒಂದು ಕೆಲಸ ಗೊತ್ತು ಮಾಡಿಬಿಟ್ಟರು. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಕಾಲು ಸೋಕಿಸಿದರೆ ಹಿಡಿದ ಸೊಂಟ ಬಿಡುತ್ತದೆ ಎನ್ನುವುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಅದಕ್ಕೆ ಕಟ್ಟುಪಾಡುಗಳಿದ್ದವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಹೊಸ್ತಿಲ ಹೊರಗೆ ಬೋರಲು ಮಲಗಬೇಕು. ಅವಳು ಬರಿಗಾಲಲ್ಲಿ ಮೂರು ಸಲ ಸೋಕಿಸಬೇಕು. ಎದ್ದವರು ಹಿಂತಿರುಗಿ ನೋಡದೆ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದು: ಏನೂ ಕೊಡಕೂಡದು. ಕಾಸು ಬೇಡ, ಕಾಯಿ ಬೇಡ, "ಉಪಕಾರ ಆಯ್ತು" ಅನ್ನುವ ಮಾತೂ ಬೇಡ. ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ, ಕೊಟ್ಟವನಿಗೆ ಹಿಡಿದದ್ದು ಮತ್ತೆ ಹಿಡಿಯುತ್ತದೆ.

ಮಲ್ಲಿಕಾಂಬನಿಗೆ ಏಳು ವರ್ಷವಾಗಿದ್ದಾಗ ಮೊದಲು ಬಂದವನು ಗೂಡ್ಸ್‌ಶೆಡ್ಡಿನ ಹಮಾಲಿ ಲಕ್ಷ್ಮಣಪ್ಪ. ಗೊಬ್ಬರದ ಮೂಟೆ ಎತ್ತುವಾಗ ಸೊಂಟ ಹಿಡಿದು, ಕೊಕ್ಕರೆಯ ಹಾಗೆ ಬಗ್ಗಿಕೊಂಡೇ ಬಂದ. ಅಂಗಡಿಯ ಹಿಂದೆ ಚೀಲ ಒದರುವ ಚಪ್ಪರವಿತ್ತು. ಅವನ ಕೇರಿಯವರು ಮನೆಯ ಪಡಸಾಲೆಗೆ ಬರುತ್ತಿರಲಿಲ್ಲ. ಚಪ್ಪರದಡಿಗೆ ಮಾತ್ರ ಯಾರು ಬೇಕಾದರೂ ಬರಬಹುದಿತ್ತು. ಅಲ್ಲೇ ಒಂದು ಚೀಲ ಹಾಸಿ ಅವನನ್ನು ಮಲಗಿಸಿದರು.

"ಹೆದರ್ಬ್ಯಾಡ ಕಣವ್ವ, ತುಳಿ," ಅಂದ ಲಕ್ಷ್ಮಣಪ್ಪ, ಮುಖ ಚೀಲದಲ್ಲಿ ಹುದುಗಿಸಿಕೊಂಡೇ.

ಅವಳು ಕಿಸಕ್ಕನೆ ನಕ್ಕು ತುಳಿದಳು. ಅವನು ನರಳಿದ, ಎದ್ದ, ಸೊಂಟ ತಿರುಗಿಸಿ ನೋಡಿದ. "ಹೋಯ್ತು ಕಣ್ರಪ್ಪೋ!"

"ಎಲ್ಲಿಗೆ ಹೋಯ್ತು?" ಎಂದಳು ಹುಡುಗಿ.

"ಏನು ಎಲ್ಲಿಗೆ?"

"ನೋವು. ಎಲ್ಲಿಗೆ ಹೋಯ್ತು?"

"ಹೋಯ್ತಲ್ಲ ತಾಯಿ, ಎಲ್ಲಿಗೋದ್ರೆ ನಿಂಗೇನು?" ಎಂದು ಅವನು ಹಿಂತಿರುಗಿ ನೋಡದೆ ಹೊರಟುಹೋದ.

ಅಲ್ಲಿಂದ ಮುಂದೆ ಬಂದ ಪ್ರತಿ ಬೆನ್ನಿಗೂ ಅವಳದ್ದು ಅದೇ ಪ್ರಶ್ನೆ. ಹಿಡಿದದ್ದು ಯಾವುದು, ಬಿಟ್ಟದ್ದು ಯಾವುದು, ಒಳಗೆ ಏನಿದೆ? ಒಮ್ಮೆ ಎಡಗಾಲು ಸೋಕಿಸಿ ನೋಡಿದಳು, ಬಿಟ್ಟಿತು. ಇನ್ನೊಮ್ಮೆ ಹಿಮ್ಮಡಿಯಿಂದ ಒತ್ತಿ ನೋಡಿದಳು, ಆಗಲೂ ಬಿಟ್ಟಿತು. ಮತ್ತೊಮ್ಮೆ ಅದೇ ಬೀದಿಯ ಉಚ್ಚಂಗಮ್ಮನ ಬೆನ್ನಿಗೆ ಮೂರು ಸಲವಲ್ಲದೆ ಐದು ಸಲ ಸೋಕಿಸಿದಳು. ಆ ಮುದುಕಿ ಎದ್ದವಳೇ, "ಯಾಕೇ ಮೊಮ್ಮಗಳೇ, ನನ್ನ ಬೆನ್ನೇನು ರಾಗಿ ಕಣವಾ?" ಎಂದು ಬೈದು, ನೆಟ್ಟಗೆ ನಡೆದುಕೊಂಡು ಹೋದಳು.

ಪಿಯುಸಿಗೆ ಅವಳು ತರೀಕೆರೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಜೊತೆಗೆ ಪಕ್ಕದ ಬೀದಿಯ ಸುಲೋಚನ. ಇಬ್ಬರೂ ಸೈನ್ಸು. ಕಾಲೇಜಿನಲ್ಲಿ ಗಾಜಿನ ಬೀರುವಿನೊಳಗೆ ತಂತಿಯಲ್ಲಿ ಕಟ್ಟಿದ ಒಂದು ಅಸ್ಥಿಪಂಜರ ನಿಂತಿತ್ತು. ಉಳಿದ ಹುಡುಗಿಯರು ಅದರತ್ತ ಬೆನ್ನು ಮಾಡಿ ಕೂರುತ್ತಿದ್ದರು. ಮಲ್ಲಿಕಾಂಬ ಮಾತ್ರ ಬೀರುವಿನ ಹಿಂಬದಿಗೆ ಹೋಗಿ ಬೆನ್ನುಮೂಳೆಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಮಣಿ ಪೋಣಿಸಿದ ಹಾಗಿದೆ. ಇದರಲ್ಲಿ ಹಿಡಿದುಕೊಳ್ಳುವುದಕ್ಕೆ ಜಾಗ ಎಲ್ಲಿದೆ?

"ಅವನ ಜೊತೆ ಮದ್ವೆ ಮಾಡ್ಸಿಬಿಡ್ಲೇನೇ?" ಅನ್ನುತ್ತಿದ್ದಳು ಸುಲೋಚನ. "ವರದಕ್ಷಿಣೆ ಕೇಳಲ್ಲ, ಊಟಾನೂ ಬೇಡ."

ತರೀಕೆರೆ ಬಸ್‌ಸ್ಟ್ಯಾಂಡಿನ ಎದುರಿಗೆ ಷಡಕ್ಷರಿ ಎಂಬುವರ ಕಾಫಿ ಹೋಟೆಲ್ಲು. ದಪ್ಪ ಆಸಾಮಿ, ಹೊಟ್ಟೆ ಮುಂದೆ, ಮಾತು ಹಿಂದೆ. ಗಲ್ಲಾ ಬಿಟ್ಟು ಎದ್ದಾಗಲೆಲ್ಲ ಅವರಿಗೆ ಸೊಂಟ ಹಿಡಿಯುತ್ತಿತ್ತು. ಅಜ್ಜಂಪುರದ ಹುಡುಗಿಯ ಕಾಲಿನ ಸುದ್ದಿ ತಿಳಿದಾಗಿನಿಂದ, ಬೆಳಗಿನ ಬಸ್ಸು ಇಳಿದ ಕೂಡಲೇ ಅವಳನ್ನು ಕರೆದು ಸೌದೆ ಮನೆಯಲ್ಲಿ ಬೋರಲು ಮಲಗುತ್ತಿದ್ದರು. ಒಂದು ಸಲ ಹೀಗೆ ಮಲಗಿ, ಗೋಡೆಯ ಕಡೆ ಮುಖ ಮಾಡಿ, "ಹೂಂ, ಆಗ್ಲಿ ಕಣಮ್ಮ," ಅಂದಾಗ ಮಲ್ಲಿಕಾಂಬನಿಗೆ ಏನು ಹೊಳೆಯಿತೋ, ಬಾಗಿಲಲ್ಲಿದ್ದ ಸುಲೋಚನಳ ರಟ್ಟೆ ಹಿಡಿದು ಒಳಗೆಳೆದಳು. ಬಾಯಿಗೆ ಬೆರಳು ಇಟ್ಟುಕೊಂಡು, ನೀನು ತುಳಿ ಎಂದು ಸನ್ನೆ ಮಾಡಿದಳು.

ಸುಲೋಚನ ಬೇಡವೆಂದು ತಲೆಯಾಡಿಸಿದಳು. ಆದರೂ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ಆ ಅಗಲವಾದ ಬೆನ್ನಿಗೆ ಮೂರು ಸಲ ಕಾಲು ಸೋಕಿಸಿ ಹೊರಗೆ ಓಡಿದಳು. ಷಡಕ್ಷರಿ ಎದ್ದರು, ಬಗ್ಗಿದರು, ನೆಟ್ಟಗಾದರು. "ಶಿವಾ! ಇವತ್ತು ಬಿಟ್ಟ ಹಾಗೆ ಯಾವತ್ತೂ ಬಿಟ್ಟಿರ್ಲಿಲ್ಲ ಕಣಮ್ಮ. ನಿನ್ನ ಕಾಲಿಗೆ ವರ್ಷದಿಂದ ವರ್ಷಕ್ಕೆ ಶಕ್ತಿ ಜಾಸ್ತಿ ಆಗ್ತಿದೆ!"

ಸಂಜೆ ಬಸ್ಸಿನಲ್ಲಿ ಇಬ್ಬರೂ ನಕ್ಕು ನಕ್ಕು ಕಂಡಕ್ಟರ್ ತಿರುಗಿ ನೋಡುವ ಹಾಗಾಯಿತು.

"ಹೇಳ್ಬಿಡೋಣ್ವೇನೇ ಅವರಿಗೆ?" ಅಂದಳು ಸುಲೋಚನ.

"ಹೇಳಿದ್ಮೇಲೆ ಮತ್ತೆ ಹಿಡ್ಕೊಂಡ್ರೆ?"

"ಹಾಗಾದ್ರೆ ನಾನೂ ಕಾಲು ಮುಂದಾಗಿ ಹುಟ್ಟಿರ್ಬೋದಾ?"

ಊರಿಗೆ ಬಂದವರೇ ಸುಲೋಚನಳ ತಾಯಿ ಕಲ್ಲಮ್ಮನನ್ನು ಕೇಳಿದರು. ಕಲ್ಲಮ್ಮ ಮೊರದಲ್ಲಿ ಅಕ್ಕಿ ಕೇರುತ್ತಲೇ, "ನೀನಾ? ತಲೆ ಮುಂದಾಗಿ, ಅದರಲ್ಲೂ ಬಾಯಿ ಬಿಟ್ಕೊಂಡೇ ಹುಟ್ಟಿದ್ದು," ಎಂದಳು.

ಮಲ್ಲಿಕಾಂಬನ ನಗು ಅಲ್ಲಿಗೆ ನಿಂತಿತು. ಹಾಗಾದರೆ ಷಡಕ್ಷರಿಯವರ ಸೊಂಟ ಬಿಡಿಸಿದ್ದು ಯಾವುದು? ತನ್ನ ಕಾಲಂತೂ ಅಲ್ಲ. ಇಷ್ಟು ವರ್ಷ ತಾನು ಮಾಡಿದ್ದಾದರೂ ಏನು? ಅವಳಿಗೆ ಬೇಸರವಾಗಲಿಲ್ಲ. ಕಟ್ಟಿಟ್ಟ ಗಂಟಿನ ಒಂದು ಎಳೆ ಕೈಗೆ ಸಿಕ್ಕಿದ ಹಾಗೆ, ಎಳೆದು ನೋಡಬೇಕು ಅನ್ನಿಸಿತು.

ಎಳೆಯ ಇನ್ನೊಂದು ತುದಿ ಸಿಕ್ಕಿದ್ದು ಕಡೂರಿನಲ್ಲಿ. ಸುಲೋಚನಳ ತಂಗಿಗೆ ಪೋಲಿಯೋ ಆಗಿ ಒಂದು ಕಾಲು ಸಣ್ಣಗಾಗಿತ್ತು. ಅಂಥವರಿಗೆ ತಿಂಗಳಿಗೊಮ್ಮೆ ಕಡೂರಿನ ಒಂದು ಛತ್ರದಲ್ಲಿ ಶಿಬಿರ ನಡೆಸುತ್ತಿದ್ದರು. ಎರಡನೇ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಎಂಬತ್ಮೂರನೇ ಇಸವಿ, ಮಲ್ಲಿಕಾಂಬನೂ ಅವರ ಜೊತೆ ಪ್ಯಾಸೆಂಜರ್ ರೈಲು ಹತ್ತಿದಳು.

ಛತ್ರದಲ್ಲಿ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಮಖಾನದ ಮೇಲೆ ಕೂತಿದ್ದರು. ಹೆಸರು ಕಾಮಾಕ್ಷಮ್ಮ. ಬೆಂಗಳೂರಿನ ಆಸ್ಪತ್ರೆಯಿಂದ ಬಂದವರು. ಹುಡುಗಿಯ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, "ನನ್ನ ಕೈನ ತಳ್ಳು ನೋಡಣ. ಹಾಂ, ಇನ್ನೂ. ನಿಂಗೆ ಬೇಜಾರಿರೋರ್ನ ನೆನೆಸ್ಕೊಂಡು ತಳ್ಳು," ಎನ್ನುತ್ತಿದ್ದರು. ಹುಡುಗಿ ಅಕ್ಕನ ಕಡೆ ನೋಡಿ ಜೋರಾಗಿ ತಳ್ಳಿತು. ಕಾಮಾಕ್ಷಮ್ಮ ತಮ್ಮ ಕೈಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಇನ್ನೆಲ್ಲೋ ಇತ್ತು, ಬೆರಳುಗಳು ಮಾತ್ರ ಆ ತೆಳ್ಳನೆ ಕಾಲಿನಲ್ಲಿ ಏನೋ ಹುಡುಕುತ್ತಿದ್ದವು. ಅದನ್ನು ಕಂಡ ಮಲ್ಲಿಕಾಂಬ ಸಾಯಂಕಾಲದವರೆಗೂ ಅಲ್ಲಿಂದ ಏಳಲಿಲ್ಲ.

"ನೀವು ಡಾಕ್ಟ್ರಾ?" ಎಂದು ಕೊನೆಗೆ ಕೇಳಿದಳು.

"ಅಲ್ಲ."

"ನರ್ಸಾ?"

"ಅದೂ ಅಲ್ಲ. ನಮ್ಮತ್ತೆ ಮದುವೆಯಾದಾಗಿಂದ ಇದನ್ನೇ ಕೇಳ್ತಿದಾರೆ. ಫಿಜಿಯೋಥೆರಪಿ ಅಂತಾರೆ. ಔಷಧಿ ಇಲ್ಲ, ಚಾಕು ಇಲ್ಲ. ಕೈಯಿಂದ, ವ್ಯಾಯಾಮದಿಂದ ಅಂಗಕ್ಕೆ ಮತ್ತೆ ಕೆಲಸ ಕಲಿಸೋದು."

ಮಲ್ಲಿಕಾಂಬ ತನ್ನ ಕಾಲಿನ ಕಥೆ, ಸೌದೆ ಮನೆಯ ಕಥೆ ಎಲ್ಲ ಹೇಳಿದಳು. ಕಾಮಾಕ್ಷಮ್ಮ ನಗುತ್ತಾರೆ ಅಂದುಕೊಂಡಿದ್ದಳು. ಅವರು ನಗಲಿಲ್ಲ. "ಹಿಡಿದ ಸೊಂಟ ಎಷ್ಟೋ ಸಲ ತಾನಾಗೇ ಬಿಡುತ್ತೆ ಕಣಮ್ಮ. ಆದ್ರೆ ಕಾಲು ಸೋಕಿದ ಕೂಡ್ಲೇ ಯಾಕೆ ಬಿಡ್ತು ಅಂದ್ರೆ, ಹೆದರಿಕೆ ಬಿಟ್ಟಿದ್ದಕ್ಕೆ ಮಾಂಸಖಂಡಾನೂ ಸಡಿಲ ಆಯ್ತೋ ಏನೋ, ನಂಗೂ ಪೂರ್ತಿ ಗೊತ್ತಿಲ್ಲ. ನೀನು ಗೆಳತಿ ಕಾಲು ಹಾಕಿಸಿ ನೋಡಿದ್ಯಲ್ಲ, ಅದು ಒಳ್ಳೇ ಬುದ್ಧಿ."

"ನಾನು ಇದನ್ನೇ ಓದ್ಬೋದಾ?"

ಆಗ ಕಾಮಾಕ್ಷಮ್ಮ ಅವಳನ್ನು ಒಂದು ಕ್ಷಣ ನೋಡಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಬೆಂಗಳೂರಿನಲ್ಲಿ ಮೂರು ವರ್ಷ ಓದು, ಆಮೇಲೆ ಆರು ತಿಂಗಳು ಆಸ್ಪತ್ರೆಯಲ್ಲಿ ಬಿಟ್ಟಿ ದುಡಿಮೆ. ಹಾಸ್ಟೆಲ್ಲು ಫೀಜು ಸೇರಿ ಹತ್ತು ಹನ್ನೆರಡು ಸಾವಿರ ಮುಟ್ಟುತ್ತದೆ. ಮುಗಿದ ಮೇಲೆ ಸಂಬಳ ಪ್ರೈಮರಿ ಸ್ಕೂಲ್ ಮೇಡಂ ಸಂಬಳಕ್ಕಿಂತ ಒಂದು ಹಿಡಿ ಕಮ್ಮಿಯೇ. ಸರ್ಕಾರಿ ಹುದ್ದೆ ದೊಡ್ಡ ಆಸ್ಪತ್ರೆಗಳಲ್ಲಿ ಬಿಟ್ಟರೆ ಇಲ್ಲ, ಸಣ್ಣ ಊರಿಗೆ ಬಂದರೆ ನಿನ್ನ ಕೆಲಸದ ಹೆಸರು ಹೇಳುವುದಕ್ಕೇ ಒಂದು ವರ್ಷ ಬೇಕು. ದಿನವೆಲ್ಲ ಎತ್ತಿ ಕೂರಿಸಿ ಮಲಗಿಸಿ ಕೊನೆಗೆ ನಿನ್ನ ಸೊಂಟವೇ ಹಿಡಿಯುತ್ತದೆ.

"ಹಾಗಾದ್ರೆ ನೀವ್ಯಾಕೆ ಬಿಟ್ಟಿಲ್ಲ?"

ಕಾಮಾಕ್ಷಮ್ಮ ಜಮಖಾನ ಸುತ್ತುತ್ತಿದ್ದರು. "ಹೋದ ವರ್ಷ ಅತ್ತುಕೊಂಡು ಬಂದ ಮಗು ಈ ವರ್ಷ ನನ್ನ ಒದ್ದು ಓಡುತ್ತೆ. ಅದಕ್ಕೆ," ಎಂದರು.

ಮನೆಯಲ್ಲಿ ವಿಷಯ ಎತ್ತಿದ ದಿನ ದಾಕ್ಷಾಯಣಮ್ಮನ ತಮ್ಮ ಮಲ್ಲಿಕಾರ್ಜುನಯ್ಯನೂ ಬಂದಿದ್ದ. ಅವನು ಹೈಸ್ಕೂಲ್ ಮೇಷ್ಟ್ರು. ಅಕ್ಕನ ಮಗಳಿಗೆಂದು ಟಿ.ಸಿ.ಎಚ್. ಅರ್ಜಿ ತಂದಿದ್ದ. ಎರಡು ವರ್ಷ ಟ್ರೈನಿಂಗ್, ಅದಾದ ಮೇಲೆ ಸ್ಕೂಲ್ ಕೆಲಸ, ಬೇಸಿಗೆ ರಜೆ, ಪಿಂಚಣಿ, ಎಲ್ಲವನ್ನೂ ಬೆರಳು ಮಡಿಸಿ ಹೇಳಿದ. ಇವಳು ತನ್ನ ಮಾತು ಹೇಳಿದ ಮೇಲೆ, ಮಡಿಸಿದ ಬೆರಳುಗಳು ಹಾಗೇ ನಿಂತವು.

"ಮೈ ತಿಕ್ಕೋದಕ್ಕೆ ಮೂರು ವರ್ಷ ಓದ್ಬೇಕೇನೇ? ನಮ್ಮೂರಲ್ಲಿ ಎಣ್ಣೆ ನೀರು ಹಾಕೋಳು ಯಾವ ಕಾಲೇಜಿಗೆ ಹೋಗಿದ್ಲು?"

"ತಿಕ್ಕೋದಲ್ಲ ಮಾವ."

"ಗಂಡಸರ ಕೈಕಾಲು ಹಿಡ್ಕೋಬೇಕೋ ಬೇಡ್ವೋ, ಅದನ್ನ ಹೇಳು," ಎಂದಳು ತಾಯಿ.

"ಹಿಡ್ಕೋಬೇಕು. ಈಗ ತುಳೀತಿಲ್ವೇನಮ್ಮ? ಏಳು ವರ್ಷದೋಳಿದ್ದಾಗಿಂದ್ಲೂ ಸ್ಟೇಷನ್ ಹಮಾಲಿಗಳ್ನೆಲ್ಲ ತುಳ್ದಿದೀನಿ."

"ಅದು ಕಾಲು!" ಎಂದಳು ದಾಕ್ಷಾಯಣಮ್ಮ. "ಕಾಲಲ್ಲಿ ಸೋಕೋದು ದೇವರ ಕೆಲಸ. ಕೈಯಲ್ಲಿ ಮುಟ್ಟೋದು ಬೇರೆ. ಅದರ ಮೇಲೆ ದುಡ್ಡು ತಗೊಂಡ್ರೆ ನಿನ್ನ ಕಾಲಿನ ಗುಣಾನೂ ಹೋಯ್ತು. ಹತ್ತು ಊರಿನೋರು ಬಂದು ಹೋಗೋ ಬಾಗಿಲು ಮುಚ್ಚುತ್ತೆ."

ಕಾಲಿಗೆ ಗುಣವೇ ಇಲ್ಲ, ಸುಲೋಚನ ತುಳಿದರೂ ವಾಸಿಯಾಗುತ್ತದೆ ಎಂದು ಹೇಳುವುದಕ್ಕೆ ಮಲ್ಲಿಕಾಂಬನ ನಾಲಿಗೆಯ ತುದಿಗೆ ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡಳು. ಸತ್ತು ಬದುಕಿ ಹೆತ್ತದ್ದಕ್ಕೆ ಆ ಹೆಂಗಸಿಗೆ ಊರಿನಲ್ಲಿ ಸಿಕ್ಕಿದ್ದ ಮರ್ಯಾದೆ ಅದೊಂದೇ.

ಮಗಳ ಮದುವೆಗೆಂದು ಕೂಡಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಗುತ್ತದೆ ಎನ್ನುವುದು ಸೋಮಶೇಖರಪ್ಪನವರ ತಲೆಯಲ್ಲಿತ್ತು.

"ನಂದು ವ್ಯಾಪಾರದ ತಲೆ," ಅಂದರು. "ಸರಕು ಒಳ್ಳೇದೋ ಕೆಟ್ಟದ್ದೋ ಆಮೇಲಿನ ಮಾತು. ಕೊಳ್ಳೋನು ಇದಾನಾ? ನನ್ನ ಹರಕು ಚೀಲಕ್ಕೂ ಒಬ್ಬ ಗಿರಾಕಿ ಇದಾನೆ, ಹೊಟ್ಟು ತುಂಬೋಕೆ. ನೀನು ಇಷ್ಟು ವರ್ಷ ಬಿಟ್ಟಿ ಮಾಡಿದ್ದನ್ನ ನಾಳೆ ದುಡ್ಡು ಕೊಟ್ಟು ಮಾಡಿಸ್ಕೊಳೋನು ಈ ಸೀಮೇಲಿ ಯಾರು? ಒಬ್ಬನೇ ಒಬ್ಬ, ಯಾರೂ ಹೇಳಿಕೊಡದೆ ತಾನಾಗೇ ಕೈ ಬಿಚ್ಚಿ ಕೊಡ್ಲಿ. ಅವತ್ತೇ ಬೆಂಗಳೂರಿಗೆ ಕಳಿಸ್ತೀನಿ. ಇಲ್ದಿದ್ರೆ ಮಾವ ತಂದ ಅರ್ಜಿಗೆ ಸೈನ್ ಹಾಕು. ಜೂನ್ ಕೊನೇವರೆಗೂ ಟೈಮು."

ಮಾವ ನಕ್ಕ. ಅವನಿಗೆ ಗೊತ್ತಿತ್ತು, ಇದು ಗೆಲ್ಲುವ ಪಂದ್ಯವಲ್ಲ.

ಗೆಲ್ಲುವ ಹಾಗೂ ಇರಲಿಲ್ಲ. ಗೋಣಿ ಅಂಗಡಿ ಮನೆಯ ಹುಡುಗಿ ಇನ್ನು ಮೇಲೆ ದುಡ್ಡಿಗೆ ತುಳಿಯುತ್ತಾಳಂತೆ ಎಂಬ ಸುದ್ದಿ ಸಂತೆಯ ದಿನ ಹೊರಟು ಮಾರನೆಯ ಸಂತೆಯ ಹೊತ್ತಿಗೆ ತರೀಕೆರೆ ಮುಟ್ಟಿತು. ಸೊಂಟ ಹಿಡಿದವರು ಚಪ್ಪರದವರೆಗೆ ಬಂದು, "ಹಿಂದಿನ ಹಾಗೇನೇ ತಾನೆ?" ಎಂದು ಅನುಮಾನದಿಂದ ಕೇಳುತ್ತಿದ್ದರು. ಹಿಂದಿನ ಹಾಗೇ ಎಂದರೆ ಮಲಗುತ್ತಿದ್ದರು. ಒಬ್ಬ ಎತ್ತಿನ ವ್ಯಾಪಾರಿಯಂತೂ ಎದ್ದ ಮೇಲೆ ಜೇಬು ಮುಟ್ಟಿ ನೋಡಿಕೊಂಡೇ ಹೋದ. ಉಚ್ಚಂಗಮ್ಮ ಬಾಗಿಲಲ್ಲೇ ನಿಂತು, "ಕಾಲಿಗೆ ರೇಟು ಕಟ್ಟಿದ್ಯಂತಲ್ಲೇ, ಬೆರಳು ಲೆಕ್ಕವೋ, ಪಾದದ ಲೆಕ್ಕವೋ?" ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಳು.

ಆಗಲೇ ಲಕ್ಷ್ಮಣಪ್ಪ ಬಂದದ್ದು. ಈ ಸಲ ಸೊಂಟವಲ್ಲ. ಗೂಡ್ಸ್‌ಶೆಡ್ಡಿನಲ್ಲಿ ಮೂಟೆಯ ಅಟ್ಟಿ ಜರುಗಿ ಅವನ ಬಲಗೈ ಮೊಳಕೈಯ ಹತ್ತಿರ ಮುರಿದಿತ್ತು. ಶಿವಮೊಗ್ಗದಲ್ಲಿ ಹಾಕಿದ್ದ ಪ್ಲಾಸ್ಟರ್ ಬಿಚ್ಚಿದ್ದರು. ಮೂಳೆ ಕೂಡಿತ್ತು, ಆದರೆ ಮೊಳಕೈ ಅರ್ಧಕ್ಕೇ ನಿಂತುಬಿಟ್ಟಿತ್ತು. ಪೂರ್ತಿ ಚಾಚುವುದಕ್ಕೂ ಆಗದು, ಪೂರ್ತಿ ಮಡಿಸುವುದಕ್ಕೂ ಆಗದು.

"ಕಾಲು ಸೋಕ್ಸವ್ವ," ಎಂದು ಕೈಯನ್ನು ಚೀಲದ ಮೇಲಿಟ್ಟ. ಮೊಳಕೈ ಊದಿ ಬಿಸಿಯಾಗಿತ್ತು.

"ಇದೇನು ಇಷ್ಟು ಊದಿದೆ?"

ಜೊತೆಗೆ ಬಂದಿದ್ದ ಅವನ ಹೆಂಡತಿ ದ್ಯಾವಮ್ಮ ಹೇಳಿದಳು. ಎಲ್ಲರೂ ಹೇಳಿದರು ಅಂತ ದಿನಾ ಎಣ್ಣೆ ಹಾಕಿ ಇಬ್ಬರು ಹಿಡಿದು ಎಳೆದರಂತೆ. ನೀರು ತುಂಬಿದ ಬಿಂದಿಗೆ ಹಿಡಿಸಿ ನಿಲ್ಲಿಸಿದರಂತೆ. "ಬಲಗೈ ಬಾಯಿಗೆ ಬರಲ್ಲ. ಎಡಗೈಯಲ್ಲಿ ಉಣ್ಣಲ್ಲ ಅಂತಾನೆ. ಮೂರು ಹೊತ್ತೂ ನಾನೇ ಮುದ್ದೆ ಮುರ್ದು ಬಾಯಿಗೆ ಇಡ್ಬೇಕು ಕಣವ್ವ. ಶೆಡ್ಡಿನೋರೆಲ್ಲ ಕೂಸಿಗೆ ನಾಮಕರಣ ಯಾವಾಗ ಅಂತ ಕೇಳ್ತಾರೆ."

ಲಕ್ಷ್ಮಣಪ್ಪ ತಲೆ ತಗ್ಗಿಸಿದ.

ಮಲ್ಲಿಕಾಂಬ ಕಾಲು ಎತ್ತಲಿಲ್ಲ. "ಇದಕ್ಕೆ ಕಾಲು ಆಗಲ್ಲ. ಬರೋ ಗುರುವಾರ ಕಡೂರಲ್ಲಿ ಶಿಬಿರ ಇದೆ, ಹೋಗೋಣ, ಬಾ. ಅಲ್ಲಿವರೆಗೂ ಯಾರೂ ಎಳೀಬೇಡಿ, ಎಣ್ಣೆ ತಿಕ್ಕಬೇಡಿ," ಎಂದಳು. ತನ್ನ ಬಾಯಿಂದ "ಕಾಲು ಆಗಲ್ಲ" ಎಂಬ ಮಾತು ಬಂದದ್ದು ಅವಳಿಗೇ ಹೊಸದಾಗಿ ಕೇಳಿಸಿತು.

ಕಡೂರಿನಲ್ಲಿ ಕಾಮಾಕ್ಷಮ್ಮ ಆ ಮೊಳಕೈ ಮುಟ್ಟಿ ನೋಡಿ, ಎಳೆದವರನ್ನೆಲ್ಲ ಬೈದರು. ಎಳೆದಷ್ಟೂ ಅದು ಬಿಗಿಯುತ್ತದೆ, ಒಳಗೆ ಗಾಯವಾಗುತ್ತದೆ ಎಂದರು. ಊತ ಇಳಿಯುವವರೆಗೆ ಸುಮ್ಮನಿರಬೇಕು. ಆಮೇಲೆ ಬಿಸಿನೀರಿನಲ್ಲಿ ಕೈ ಇಟ್ಟು, ಅವನೇ ನಿಧಾನವಾಗಿ ಮಡಿಸಿ ಚಾಚಬೇಕು. "ನೀನು ರಟ್ಟೇನ ಕೆಳಗಿಂದ ಹಿಡ್ಕೊಂಡಿರೋದು ಅಷ್ಟೇ. ಕೆಲಸ ಅವನದು. ನಿಂಗೆ ಎಳೀಬೇಕು ಅನ್ಸುತ್ತೆ, ಎಳೀಬೇಡ. ಹಿಡಿದ ಕೈಗೆ ತಾಳ್ಮೆ ಬೇಕು," ಎಂದು ಅವಳ ಬೆರಳುಗಳನ್ನು ಹಿಡಿದು ಸರಿಯಾದ ಜಾಗದಲ್ಲಿ ಕೂರಿಸಿದರು.

ಚಪ್ಪರದಡಿ ಅವಳ ಹೊಸ ಪಾಠ ಶುರುವಾಯಿತು. ದಾಕ್ಷಾಯಣಮ್ಮ ಅಡುಗೆ ಮನೆಯ ಕಿಟಕಿಯಿಂದ ಇಣುಕಿ ನೋಡುತ್ತ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು. ದ್ಯಾವಮ್ಮ ಬಕೆಟ್ಟಿನಲ್ಲಿ ಬಿಸಿನೀರು ತರುತ್ತಿದ್ದಳು. ಮಲ್ಲಿಕಾಂಬ ಅವನ ರಟ್ಟೆ ಹಿಡಿದು ಕೂರುತ್ತಿದ್ದಳು. ಮೊದಮೊದಲು ಏನೂ ತಿಳಿಯಲಿಲ್ಲ. ಒಂದು ದಿನ ಅವನು ಕೈ ಮಡಿಸುವಾಗ ಅವಳ ಬೆರಳಡಿಯಲ್ಲಿ ಒಂದು ಖಂಡ ಗಟ್ಟಿಯಾಗಿ, ಇನ್ನೊಂದು ಬಿಟ್ಟುಕೊಡದೆ ಹಿಡಿದುಕೊಂಡದ್ದು ಗೊತ್ತಾಯಿತು. "ತಡಿ, ಉಸಿರು ಬಿಡು," ಎಂದಳು. ಅವನು ಉಸಿರು ಬಿಟ್ಟ. ಹಿಡಿದುಕೊಂಡಿದ್ದ ಖಂಡ ಬೆಣ್ಣೆಯ ಹಾಗೆ ಸಡಿಲವಾಗಿ, ಕೈ ಒಂದು ಬೆರಳಿನಷ್ಟು ಒಳಗೆ ಬಂತು.

ಅವಳು ಕೂತಲ್ಲೇ ಕೂತಿದ್ದಳು. ಎಲ್ಲಿಗೆ ಹೋಯ್ತು ಎಂದು ಏಳು ವರ್ಷದವಳಿದ್ದಾಗ ಕೇಳಿದ್ದಕ್ಕೆ ಇದು ಪೂರ್ತಿ ಉತ್ತರವಲ್ಲ. ಆದರೆ ಹೋಗುವುದನ್ನು ಅವಳು ಇವತ್ತು ಕೈಯಲ್ಲಿ ಹಿಡಿದು ನೋಡಿದ್ದಳು.

ಜೂನ್ ನಡುವಿಗೆ ಒಂದು ಮಧ್ಯಾಹ್ನ ದ್ಯಾವಮ್ಮ ಬುತ್ತಿ ಬಿಚ್ಚಿ ಎಂದಿನ ಹಾಗೆ ಮುದ್ದೆ ಮುರಿದಳು. ಲಕ್ಷ್ಮಣಪ್ಪ, "ತಾ ಇಲ್ಲಿ," ಎಂದು ತುತ್ತನ್ನು ತಾನೇ ತೆಗೆದುಕೊಂಡು, ಸಾರಿನಲ್ಲಿ ಅದ್ದಿ, ಕತ್ತನ್ನು ಸ್ವಲ್ಪ ಮುಂದೆ ಚಾಚಿ, ಬಾಯಿಗೆ ಇಟ್ಟುಕೊಂಡ. ಗಲ್ಲಕ್ಕೆಲ್ಲ ಸಾರು ಮೆತ್ತಿತು. ದ್ಯಾವಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಅಂತೂ ಕೂಸು ಅನ್ನ ಉಂಡಿತು. ಇನ್ನು ನನ್ನ ಕೈ ನನ್ನ ಬಾಯಿಗೆ!"

ಮೂಟೆ ಎತ್ತುವುದು ಇನ್ನೂ ದೂರದ ಮಾತು. ಶೆಡ್ಡಿನಲ್ಲಿ ಅವನಿಗೆ ಚೀಟಿ ಕೊಡುವ, ಗಾಡಿ ಲೆಕ್ಕ ನೋಡುವ ಹಗುರ ಕೆಲಸ ಕೊಟ್ಟರು. ಅಷ್ಟರಲ್ಲಿ ಜೂನ್ ಮುಗಿಯುತ್ತ ಬಂತು. ಒಬ್ಬರೂ ಕೈ ಬಿಚ್ಚಿರಲಿಲ್ಲ. ಲಕ್ಷ್ಮಣಪ್ಪನನ್ನು ಕೇಳುವುದು ಸರಿಯಲ್ಲ, ಹೇಳಿಕೊಡಕೂಡದು ಎಂದು ಅಪ್ಪ ಷರತ್ತು ಹಾಕಿದ್ದರಲ್ಲ. ಮಾವ ಅರ್ಜಿ ಹಿಡಿದು ಬಂದು ಪಡಸಾಲೆಯಲ್ಲಿ ಕೂತ. ಮಲ್ಲಿಕಾಂಬ ಪೆನ್ನು ತೆಗೆದುಕೊಂಡು ಹೆಸರು ತುಂಬಿದಳು, ಊರು ತುಂಬಿದಳು. ಸೈನ್ ಮಾಡುವ ಜಾಗಕ್ಕೆ ಬಂದಾಗ, "ಸಂಜೆ ಮಾಡ್ತೀನಿ ಮಾವ," ಎಂದು ಎದ್ದು ಅಂಗಡಿಗೆ ಹೋದಳು.

ಅದು ಕೂಲಿ ಬಟವಾಡೆಯ ದಿನ. ಲಕ್ಷ್ಮಣಪ್ಪ ಶೆಡ್ಡಿನಿಂದ ನೇರ ಬಂದ. ಯಾವಾಗಲೂ ಹಿಂದಿನ ಚಪ್ಪರಕ್ಕೆ ಬರುವವನು ಇವತ್ತು ಅಂಗಡಿಯ ಮುಂಬಾಗಿಲಿಗೆ ಬಂದು, ಗಿರಾಕಿಗಳು ನಿಲ್ಲುವ ಕಟ್ಟೆಯ ಮೇಲೆ ಒಂದು ಹತ್ತು ರೂಪಾಯಿ ನೋಟು ಇಟ್ಟ. ಬಲಗೈಯಲ್ಲೇ ಇಟ್ಟ.

ಸೋಮಶೇಖರಪ್ಪ ಚೀಲ ಎಣಿಸುತ್ತಿದ್ದವರು ತಲೆಯೆತ್ತಿ, "ಎಷ್ಟು ಚೀಲ ಬೇಕೋ?" ಎಂದರು.

"ಚೀಲ ಬ್ಯಾಡ ಸ್ವಾಮೇರೆ. ಇದು ಅವ್ವಾರಿಗೆ."

"ಏ, ತೆಗಿಯೋ! ನಮ್ಮನೇಲಿ ಇದಕ್ಕೆ ತಗೊಳೋ ಪದ್ಧತಿ ಇಲ್ಲ," ಎಂದು ಸೋಮಶೇಖರಪ್ಪ ಅಭ್ಯಾಸದ ಬಲದಿಂದ ನೋಟನ್ನು ಹಿಂದಕ್ಕೆ ತಳ್ಳಿದರು. ತಳ್ಳಿದ ಮೇಲೆ ಅವರ ಕೈ ನೋಟಿನ ಮೇಲೇ ನಿಂತಿತು. ಮೂಲೆಯಲ್ಲಿ ನಿಂತಿದ್ದ ಮಗಳ ಕಡೆ ನೋಡಿದರು. ಅವಳು ಅಪ್ಪನನ್ನೇ ನೋಡುತ್ತಿದ್ದಳು.

"ನಾ ಕಾಲಿಗೆ ಕೊಡ್ತಿಲ್ಲ ಕಣ್ರೀ," ಎಂದ ಲಕ್ಷ್ಮಣಪ್ಪ. "ಆವತ್ತು ಸೊಂಟಕ್ಕೆ ಕಾಲು ಸೋಕ್ಸಿದ್ರು. ಅದು ದೇವ್ರದು. ಅದಕ್ಕೆ ಕೊಡೋಕೆ ನಾ ಯಾರು? ಇದು ಕೈಯಲ್ಲಿ ಮಾಡಿದ್ದು. ಒಂದೂವರೆ ತಿಂಗ್ಳು ದಿನಾ ಕೂತು ಮಾಡವ್ರೆ. ಕೈಯಲ್ಲಿ ಮಾಡಿದ್ದು ಕೆಲ್ಸ. ನಾನು ಮೂಟೆ ಎತ್ತುದ್ರೆ ನೀವು ಕೂಲಿ ಕೊಡಲ್ವಾ?"

"ಯಾರಾದ್ರೂ ಹೇಳಿಕೊಟ್ರೇನೋ ನಿಂಗೆ?"

"ಕೂಲಿ ಕೊಡು ಅಂತ ಕೂಲಿಯೋನಿಗೆ ಯಾರು ಸ್ವಾಮಿ ಹೇಳಿಕೊಡ್ತಾರೆ?"

ಸೋಮಶೇಖರಪ್ಪ ನೋಟು ತೆಗೆದು ಮಗಳ ಕೈಗೆ ಕೊಟ್ಟು, ಮನೆಯ ಕಡೆ ತಿರುಗಿ, "ಲೇ, ಮಲ್ಲಿಕಾರ್ಜುನಾ! ಆ ಅರ್ಜಿ ಬೇರೆ ಯಾರಿಗಾದ್ರೂ ಆಗುತ್ತೇನು ನೋಡಪ್ಪಾ," ಎಂದು ಕೂಗಿದರು.

ದಾಕ್ಷಾಯಣಮ್ಮ ಮಾತ್ರ ಆ ದಿನ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಉಚ್ಚಂಗಮ್ಮನನ್ನು ತಾನೇ ಕರೆದುಕೊಂಡು ಬಂದು, ಹೊಸ್ತಿಲ ಹೊರಗೆ ಮಲಗಿಸಿ, "ಸೋಕಿಸು," ಎಂದು ಮಗಳಿಗೆ ಹೇಳಿದಳು. ಮಲ್ಲಿಕಾಂಬ ಸೋಕಿಸಿದಳು. ಆ ಮುದುಕಿ ಎದ್ದು ಸೊಂಟದ ಮೇಲೆ ಕೈಯಿಟ್ಟು, ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿ ನೋಡುವವರೆಗೂ ಆ ತಾಯಿ ರೆಪ್ಪೆ ಬಡಿಯಲಿಲ್ಲ.

"ಬಿಟ್ಟಿದೆ ಕಣೇ ದಾಕ್ಷಾಯಣಿ. ಕಾಲಿಗೇನೂ ಆಗಿಲ್ಲ," ಎಂದಳು ಉಚ್ಚಂಗಮ್ಮ.

"ಹಾಗಾದ್ರೆ ಹೋಗ್ಲಿ ಬಿಡು," ಎಂದು ದಾಕ್ಷಾಯಣಮ್ಮ ಒಳಗೆ ಹೋಗಿ ಮಗಳ ಟ್ರಂಕು ಕೆಳಗಿಳಿಸಿದಳು.

ಹಾಗೆ ಹೋದವಳು ಓದು ಮುಗಿಸಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ವಲ್ಪ ಕಾಲ ದುಡಿದು, ಎಂಬತ್ತೆಂಟರಲ್ಲಿ ತರೀಕೆರೆಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರೂಮು ಹಿಡಿದಳು. ಕಾಮಾಕ್ಷಮ್ಮ ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಒಂದು ವರ್ಷ ಬೋರ್ಡು ಓದಿದವರು ಒಳಗೆ ಬಂದು ಇಂಜೆಕ್ಷನ್ ಕೇಳಿದರು. ಹೆಣ್ಣು ನೋಡ ಬಂದವರು ಕೆಲಸ ಬಿಡುತ್ತಾಳಾ ಎಂದು ಕೇಳಿ ಎದ್ದು ಹೋದರು. ಮಾವ ತಂದ ಅರ್ಜಿ, ಹೆಸರು ತಿದ್ದಿದ ಮೇಲೆ, ಸುಲೋಚನಳಿಗೆ ಆಗಿತ್ತು. ಅವಳು ಹತ್ತಿರದ ಹಳ್ಳಿಯೊಂದರಲ್ಲಿ ಮೇಡಂ ಆಗಿದ್ದಳು. ಸಂಬಳದ ದಿನ ಬಂದು, "ಲೇ, ಈ ತಿಂಗಳೂ ನಂದೇ ಜಾಸ್ತಿ ಕಣೇ," ಎಂದು ರೇಗಿಸಿ, ಕಾಫಿ ಕೊಡಿಸಿ ಹೋಗುತ್ತಿದ್ದಳು. ಆದರೆ ಲಕ್ವ ಹೊಡೆದವರು, ಮೂಳೆ ಮುರಿದವರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಅವರನ್ನು ಕಳಿಸುತ್ತಿದ್ದವರಲ್ಲಿ ಅಜ್ಜಂಪುರದ ಹಮಾಲಿಗಳೇ ಹೆಚ್ಚು.

ಬೆಳಿಗ್ಗೆ ರೂಮಿನ ಬಾಗಿಲು ತೆಗೆಯುವ ಮೊದಲು, ಖಾಲಿ ಹೊಟ್ಟೆಯವರು ಹೊರಗೆ ಕಾಯುತ್ತಿದ್ದರು. ಅವರಿಗೆ ಕಾಲು, ಅದಕ್ಕೆ ಕಾಸಿಲ್ಲ. ಅವರನ್ನು ತುಳಿದಾದ ಮೇಲೆ ಸೊಂಟಕ್ಕೆ ದಿನಾ ಮಾಡಬೇಕಾದ ವ್ಯಾಯಾಮವನ್ನೂ ಅವಳು ಹೇಳುತ್ತಿದ್ದಳು. ಅವರು ಕಟ್ಟುಪಾಡಿನಂತೆ ಹಿಂತಿರುಗಿ ನೋಡದೆಯೇ ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ಹೀಗೇ ಬಾಗಿಲು ತೆಗೆಯುವಾಗ ಷಡಕ್ಷರಿ ಸೊಂಟ ಹಿಡಿದುಕೊಂಡು ಬಂದರು. "ಅವತ್ತು ಸೌದೆ ಮನೇಲಿ ಸೋಕಿಸಿದ್ಯಲ್ಲ, ಹಾಗೆ ಸೋಕಿಸಮ್ಮ. ಆಮೇಲೆ ಎಷ್ಟೋ ಸಲ ಸೋಕಿಸಿದ್ದೀಯ, ಅವತ್ತಿನ ಹಾಗೆ ಮಾತ್ರ ಬಿಡಲೇ ಇಲ್ಲ," ಎನ್ನುತ್ತ ಬೋರಲು ಮಲಗಿ ಗೋಡೆಯ ಕಡೆ ಮುಖ ಮಾಡಿದರು.

ಮಲ್ಲಿಕಾಂಬ ಬಾಗಿಲಲ್ಲಿ ನಿಂತು ಬಸ್‌ಸ್ಟ್ಯಾಂಡಿನ ಕಡೆ ನೋಡಿದಳು. ಸುಲೋಚನ ಕೊಡೆ ಹಿಡಿದು ಹಳ್ಳಿ ಬಸ್ಸಿಗೆ ಕಾಯುತ್ತಿದ್ದಳು. ಅವಳನ್ನು ಮಲ್ಲಿಕಾಂಬ ಕೈಬೀಸಿ ಕರೆದಳು, ಬಾಯಿಗೆ ಬೆರಳು ಇಟ್ಟುಕೊಂಡು, ಚಪ್ಪಲಿ ಬಿಡು ಎಂದು ಸನ್ನೆ ಮಾಡಿದಳು. ಈ ಸಲ ಕಾಲು ಬೀಳುವಾಗ ತಾನು ಪಕ್ಕದಲ್ಲಿ ಕೂತು ಆ ಬೆನ್ನಿನ ಮೇಲೆ ಕೈಯಿಟ್ಟುಕೊಂಡಿರಬೇಕು, ಏನು ಬಿಡುತ್ತದೆ ನೋಡಬೇಕು ಎಂದುಕೊಂಡಳು.